ಬೀಗದಕ್ಕನ ಫೋನು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖದೆದುರೇ. ಅವಳೂ ಬೇಸರ ಮಾಡಿಕೊಂಡವಳಲ್ಲ. ಊರಿನ ಕಟ್ಟಡಗಳ ನಕ್ಷೆಗಳನ್ನೆಲ್ಲ ಕಾಪಾಡುವ ಆ ಕಚೇರಿಯ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದವಳಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು? ಬೀರುವಿಗೆ ಬೀಗ, ಮೇಜಿನ ಖಾನೆಗೆ ಬೀಗ, ಊಟದ ಡಬ್ಬಿ ತರುವ ಚೀಲದ ಜಿಪ್ಪಿಗೂ ಒಂದು ಪುಟಾಣಿ ಬೀಗ. ಹಾಕಿದ ಮೇಲೆ ಮೂರು ಸಲ ಎಳೆದು ನೋಡಬೇಕು. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೊಂದು ಸಲ ಎಳೆಯಬೇಕು. "ಬೀಗದಕ್ಕ, ಬಾಯಿಗೂ ಒಂದು ಹಾಕ್ಕೊಂಡ್ಬಿಡಿ" ಎಂದು ಮೇಲಿನ ಮಹಡಿಯವರು ಚುಡಾಯಿಸಿದರೆ, "ಮೊದ್ಲು ನಿಮ್ಮ ಬಾಯಿಗೆ ಹಾಕ್ತೀನಿ, ಕೀಲಿಕೈ ಬಾವಿಗೆ ಎಸೀತೀನಿ" ಎನ್ನುವಷ್ಟು ಜೋರು ಅವಳಿಗೂ ಇತ್ತು.

ಮೊದಲಿನಿಂದ ಅವಳು ಹೀಗಿರಲಿಲ್ಲ. ಈ ಬೀಗದ ಹುಚ್ಚು ಅವಳಿಗೆ ಹಿಡಿದದ್ದು ಅಣ್ಣನಿಂದಾಗಿ.

ಅಣ್ಣ ಅವಳಿಗಿಂತ ಹನ್ನೆರಡು ವರ್ಷ ದೊಡ್ಡವನು. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯ ತಲೆ ಬಾಚಿ, ಜಡೆ ಹೆಣೆದು, ಶಾಲೆಯ ಬಾಗಿಲವರೆಗೆ ಕೈಹಿಡಿದು ಬಿಟ್ಟುಬಂದವನು ಅವನೇ. ಮದುವೆಯ ಮಾತು ಬಂದಾಗಲೆಲ್ಲ ಅವನು "ಮೊದಲು ಇವಳದಾಗಲಿ" ಎಂದ, ಅವಳು "ಮೊದಲು ಅವನದಾಗಲಿ" ಎಂದಳು. ಹೀಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ಇಬ್ಬರದೂ ಆಗಲಿಲ್ಲ. ಹತ್ತು ಮಹಡಿಯ ಒಂದು ಕಟ್ಟಡದಲ್ಲಿ ಎರಡು ಲಿಫ್ಟುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. "ಮೂವತ್ತನಾಲ್ಕು ವರ್ಷ ಓಡಾಡಿ ಎಲ್ಲಿಗೂ ಹೋಗದೇ ಇರೋನು ನಾನೊಬ್ನೇ" ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದ. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟರೆ ಉಳಿದವರು ಬಾಗಿಲು ಬಡಿಯುತ್ತಿದ್ದರು, ಕಬ್ಬಿಣದ ಸಲಾಕೆ ಹುಡುಕಿಕೊಂಡು ಓಡುತ್ತಿದ್ದರು. ಅಣ್ಣ ಮೊದಲು ಹೋಗಿ ಸ್ವಿಚ್ ಆರಿಸುತ್ತಿದ್ದ. ಆಮೇಲೆ ಬಾಗಿಲ ಸಂದಿಗೆ ಬಾಯಿಟ್ಟು, ಒಳಗೆ ಸಿಕ್ಕಿಕೊಂಡವರ ಜತೆ ಮಾತಿಗೆ ಕೂತುಬಿಡುತ್ತಿದ್ದ. ರಿಪೇರಿಯವನು ಬರುವವರೆಗೆ ಒಂದು ಗಂಟೆಯೋ, ಎರಡು ಗಂಟೆಯೋ, ಆ ಮಾತು ನಿಲ್ಲುತ್ತಿರಲಿಲ್ಲ.

ನಿವೃತ್ತಿಯಾಗಿ ಮೂರು ವರ್ಷಕ್ಕೆ ಅವನಿಗೆ ಮರೆವು ಶುರುವಾಯಿತು. ಮೊದಮೊದಲು ಕನ್ನಡಕ, ಛತ್ರಿ. ಆಮೇಲೆ ಊಟ ಮಾಡಿದ್ದೇ ಮರೆಯತೊಡಗಿದ. ಎರಡು ವರ್ಷದ ಹಿಂದೆ ಒಂದು ದಿನ ಮನೆಯಿಂದ ಹೊರಟವನು ಪತ್ತೆಯೇ ಇಲ್ಲ. ಮಾರನೆಯ ದಿನ ಮಧ್ಯಾಹ್ನ ಸಿಕ್ಕಿದ್ದು ಆ ಹಳೇ ಕಟ್ಟಡದಲ್ಲಿ, ಕೆಟ್ಟು ನಿಂತ ಲಿಫ್ಟಿನ ಮುಂದೆ. ಚಪ್ಪಲಿ ಇಲ್ಲದ ಕಾಲು, ಒಣಗಿದ ತುಟಿ. "ತಡಿ, ಲಿಫ್ಟ್ ಬರ್ತಾ ಇದೆ" ಎಂದ. ಅವತ್ತು ಸಂಜೆ ಮನೆಗೆ ಬರುವ ದಾರಿಯಲ್ಲೇ ಅಂಗಡಿಗೆ ಹೋಗಿ, ಇದ್ದುದರಲ್ಲೇ ಅತಿ ಗಟ್ಟಿಯ ಬೀಗವೊಂದನ್ನು ಕೊಂಡಳು. ಅಂದಿನಿಂದ ಅವಳು ಕೆಲಸಕ್ಕೆ ಹೊರಟರೆ ಅಣ್ಣ ಒಳಗೆ, ಬೀಗ ಹೊರಗೆ.

ಇದು ಅವಳಿಗೆ ಖುಷಿಯ ಕೆಲಸ ಅಂದುಕೊಳ್ಳಬೇಡಿ. ದಿನಾ ಬೆಳಗ್ಗೆ ಕೀಲಿ ತಿರುಗಿಸುವಾಗ ಒಳಗಿನಿಂದ ಅಣ್ಣ "ಯಾರು? ಎಷ್ಟನೇ ಮಹಡಿ?" ಎಂದು ಕೇಳಿದರೆ ಉತ್ತರ ಕೊಡದೆ ಬಸ್ಸಿಗೆ ಓಡುತ್ತಿದ್ದಳು. ಉತ್ತರ ಕೊಟ್ಟರೆ ಕೆಲಸಕ್ಕೆ ಹೋಗಲು ಮನಸ್ಸು ಬರುತ್ತಿರಲಿಲ್ಲ.

ಎಲ್ಲ ಮರೆತ ಅಣ್ಣ ಒಂದನ್ನು ಮಾತ್ರ ಮರೆತಿರಲಿಲ್ಲ. ನಾಲ್ಕು ಗಂಟೆ ಅಂದರೆ ಟೀ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಎದ್ದು ಅಡುಗೆಮನೆಗೆ ಹೋಗಿ ಒಲೆ ಹಚ್ಚುವನು, ಪಾತ್ರೆ ಇಡುವನು, ಇಟ್ಟದ್ದನ್ನು ಅಲ್ಲೇ ಮರೆತು ಹೋಗಿ ಮಲಗುವನು. ಒಮ್ಮೆ ಪಾತ್ರೆ ಸೀದು, ಬೆಂಕಿ ಕಿಟಕಿಯ ಪರದೆಗೆ ಹತ್ತಿ, ಎದುರುಮನೆಯ ಟೈಲರಮ್ಮ ಕಿಟಕಿಯಿಂದ ಬಕೆಟ್ಟುಗಟ್ಟಲೆ ನೀರೆರಚಿ ಆರಿಸಿದ್ದಳು. ಆಮೇಲೆ ಬೀಗದಕ್ಕ ಒಂದು ಕ್ರಮ ಮಾಡಿಕೊಂಡಳು. ಬೆಳಗ್ಗೆ ಹೊರಡುವಾಗ ಸಿಲಿಂಡರನ್ನೇ ಬಂದ್ ಮಾಡುವುದು, ಅದರ ಕೊರಳಲ್ಲಿದ್ದ ಹಸಿರು ರಬ್ಬರ್ ಬ್ಯಾಂಡನ್ನು ತೆಗೆದು ತನ್ನ ಕೈಗೆ ಹಾಕಿಕೊಳ್ಳುವುದು. ಕೈಯಲ್ಲಿ ಬ್ಯಾಂಡ್ ಇದೆಯೆಂದರೆ ಗ್ಯಾಸ್ ಬಂದ್. ಆಗ ಅಣ್ಣ ಒಲೆಯ ಕಿವಿ ಎಷ್ಟು ತಿರುಗಿಸಿದರೂ ಉರಿ ಬರದು. ಗೊಣಗಿಕೊಂಡು, ಅವಳು ಫ್ಲಾಸ್ಕಿನಲ್ಲಿಟ್ಟ ಟೀಯನ್ನೇ ಕುಡಿಯುವನು.

ಇಷ್ಟು ಹೇಳಿದ ಮೇಲೆ ಫೋನಿನ ಕತೆಗೆ ಬರಬೇಕು.

ಆರು ತಿಂಗಳ ಹಿಂದೆ ಕಚೇರಿಯಲ್ಲಿ ಫೋನಿನ ಸುರಕ್ಷತೆಯ ಬಗ್ಗೆ ಒಂದು ತರಗತಿ ನಡೆಯಿತು. ನಡೆಸಿದವನು ಕಂಪ್ಯೂಟರ್ ವಿಭಾಗದವನು. ಮಾತೆತ್ತಿದರೆ ಪಾಸ್‌ವರ್ಡ್ ಅನ್ನುತ್ತಿದ್ದುದರಿಂದ ಅವನಿಗೆ ಪಾಸ್‌ವರ್ಡ್ ಪಂಡಿತ ಎಂದೇ ಹೆಸರು ಬಿದ್ದಿತ್ತು. ಚಾರ್ಜ್ ಮಾಡುವ ವೈರಿನಲ್ಲೇ ಕಳ್ಳರು ಫೋನಿನೊಳಗೆ ನುಗ್ಗುತ್ತಾರೆ ಎಂದು ಅವನು ಹೇಳಿದ್ದೇ ತಡ, ಉಳಿದವರು ಆಕಳಿಸುತ್ತಿದ್ದರೆ ಬೀಗದಕ್ಕ ಎದ್ದುನಿಂತಳು. "ಇದ್ರಲ್ಲಿ ಎಷ್ಟು ಬೀಗ ಇದೆಯೋ ಅಷ್ಟನ್ನೂ ಹಾಕಿಕೊಡಪ್ಪ" ಎಂದು ಫೋನನ್ನು ಅವನ ಕೈಗಿಟ್ಟಳು. ಅವನಿಗೂ ಅಪರೂಪಕ್ಕೆ ಸಿಕ್ಕ ಶಿಷ್ಯೆ. ಹತ್ತು ಅಂಕಿಯ ಗುಟ್ಟಿನ ಸಂಖ್ಯೆ ಇಡಿಸಿದ. ಹದಿನೈದು ಸೆಕೆಂಡು ಮುಟ್ಟದಿದ್ದರೆ ತಾನೇ ಮುಚ್ಚಿಕೊಳ್ಳುವಂತೆ ಮಾಡಿದ. ಮುಚ್ಚಿಕೊಂಡಿರುವಾಗ ಯಾವ ಕಂಪ್ಯೂಟರಿನ ವೈರು ಬಂದರೂ ಒಳಗೆ ಬಿಡಕೂಡದು, ಕರೆಂಟನ್ನೂ ಬಿಡಕೂಡದು ಎಂದು ಕಟ್ಟಪ್ಪಣೆ ಮಾಡಿದ. "ಕಂಪ್ಯೂಟರಿಂದ ಚಾರ್ಜ್ ಮಾಡ್ಬೇಕಂದ್ರೆ ಮೊದ್ಲು ಫೋನ್ ತೆಗೀಬೇಕು ಅಕ್ಕ, ಆಮೇಲೆ ವೈರ್ ಚುಚ್ಬೇಕು. ಅದು ಒಂದು ಪ್ರಶ್ನೆ ಕೇಳುತ್ತೆ, ನೋಡಿ ಉತ್ರ ಕೊಡಿ" ಎಂದ. ಬೀಗದಕ್ಕ ಬೀಗದ ಮಾತನ್ನೆಲ್ಲ ತಲೆಗೆ ಹಾಕಿಕೊಂಡಳು, ತೆಗೆಯುವ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ಗೋಡೆಯ ಚಾರ್ಜರ್ ಇತ್ತಲ್ಲ, ಬೇಕಾಗಿಯೂ ಇರಲಿಲ್ಲ.

ಆ ಶನಿವಾರ ಬೆಳಗ್ಗೆ ಗೋಡೆಯ ಚಾರ್ಜರ್ ಕೈಕೊಟ್ಟಿತು. ಇಡೀ ರಾತ್ರಿ ಸಿಕ್ಕಿಸಿಟ್ಟಿದ್ದ ಫೋನಿನಲ್ಲಿ ಇದ್ದದ್ದು ಶೇಕಡಾ ಹದಿನಾಲ್ಕು. ಎಳೆದಳು, ಊದಿದಳು, ಬೇರೆ ಪ್ಲಗ್ಗಿಗೆ ಹಾಕಿದಳು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ವೈರನ್ನು ಚೀಲಕ್ಕೆ ತುರುಕಿ, ಅಣ್ಣನಿಗೆ ಒಂದು ಮಾತು ಹೇಳಿ, ಬೀಗ ಹಾಕಿ, ಮೂರು ಸಲ ಎಳೆದು ಓಡಿದಳು.

ಶನಿವಾರ ಕಚೇರಿ ಮೂರು ಗಂಟೆಗೇ ಮುಚ್ಚುತ್ತದೆ. ಎರಡೂವರೆಯ ಹೊತ್ತಿಗೆ, ವಾಪಸು ಬಂದ ನಕ್ಷೆಗಳನ್ನು ಜೋಡಿಸಿಡಲು ಅವಳು ನೆಲಮಾಳಿಗೆಗೆ ಇಳಿದಳು. ದಾಖಲೆ ಕೋಣೆಯ ಬಾಗಿಲು ಕಬ್ಬಿಣದ್ದು, ಬೆಂಕಿ ತಾಗದಂತೆ ದಪ್ಪಗೆ ಮಾಡಿಸಿದ್ದು. ಅದಕ್ಕೆ ಅಗುಳಿ ಇದ್ದದ್ದು ಹೊರಗಡೆ ಮಾತ್ರ. ಅದಕ್ಕೇ ಅಲ್ಲೊಂದು ಪದ್ಧತಿ ಇತ್ತು. ಒಳಗೆ ಹೋದವರು ಒಂದು ಕೆಂಪು ಬಟ್ಟೆಯನ್ನು ಹೊರಗಿನ ಕೊಕ್ಕೆಗೆ ನೇತುಹಾಕಬೇಕು. ಬಟ್ಟೆ ಕಂಡರೆ ಒಳಗೆ ಜನ ಇದ್ದಾರೆಂದು ಲೆಕ್ಕ, ಕಾವಲುಗಾರ ಅಗುಳಿ ಹಾಕುವುದಿಲ್ಲ. ಈ ಪದ್ಧತಿಯನ್ನು ಹುಟ್ಟುಹಾಕಿದವಳು ಬೀಗದಕ್ಕನೇ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವಳು ಬಟ್ಟೆ ಮರೆತಿರಲಿಲ್ಲ. ಅವತ್ತೂ ಮರೆಯಲಿಲ್ಲ, ನೇತುಹಾಕಿಯೇ ಒಳಗೆ ಹೋದಳು.

ಕೋಣೆಯ ಮೂಲೆಯಲ್ಲಿ ನಕ್ಷೆಗಳ ಪಟ್ಟಿ ಇಡುವ ಹಳೇ ಕಂಪ್ಯೂಟರ್ ಇತ್ತು. ಅದಕ್ಕೆ ಇಂಟರ್ನೆಟ್ ಇಲ್ಲ, ಹೊರಲೋಕದ ಗೊಡವೆ ಇಲ್ಲ. ಹನ್ನೊಂದು ವರ್ಷದಿಂದ ಅವಳ ಎದುರು ಕೂತದ್ದು ಅದೊಂದೇ. ಫೋನಿನಲ್ಲಿ ಶೇಕಡಾ ಮೂರು ಉಳಿದಿತ್ತು. ಸಂಖ್ಯೆ ಒತ್ತಿ ಫೋನಿನಲ್ಲಿ ಹೊತ್ತು ನೋಡಿದವಳೇ ವೈರು ಚುಚ್ಚಿದಳು. ಫೋನು ಕೇಳಿತು: ಈ ಕಂಪ್ಯೂಟರನ್ನು ನಂಬುವಿರಾ? ಕೆಳಗೆ ಎರಡು ಗುಂಡಿ, ನಂಬು, ನಂಬಬೇಡ. ಬೀಗದಕ್ಕನ ಬೆರಳು ಯೋಚನೆ ಮಾಡಲು ಕಾಯಲೇ ಇಲ್ಲ, ನಂಬಬೇಡ ಎಂದು ಒತ್ತಿಬಿಟ್ಟಿತು. ಅಭ್ಯಾಸಬಲದಿಂದ ಪಕ್ಕದ ಗುಂಡಿ ಒತ್ತಿ ಫೋನನ್ನು ಮುಚ್ಚಿಯೂ ಬಿಟ್ಟಳು.

ಚಾರ್ಜ್ ಆಗಲಿಲ್ಲ. ಕಂಪ್ಯೂಟರಿನ ಹಿಂದುಗಡೆಯ ತೂತಿನಲ್ಲಿ ಧೂಳು ಕೂತಿರಬೇಕು ಅಂದುಕೊಂಡಳು. ಒರೆಸಲು ಏನಾದರೂ ಬೇಕಿತ್ತು. ಬಾಗಿಲ ಹೊರಗೆ ಕೈಹಾಕಿ ಕೆಂಪು ಬಟ್ಟೆಯನ್ನು ಎಳೆದುಕೊಂಡಳು. "ಎರಡು ನಿಮಿಷಕ್ಕೆ ತಾನೇ" ಎಂದು ತನಗೆ ತಾನೇ ಹೇಳಿಕೊಂಡಳು.

ಮೇಜಿನ ಕೆಳಗೆ ಮಂಡಿಯೂರಿ ಒರೆಸುತ್ತ ಇರುವಾಗ ಹಿಂದಿನಿಂದ ಧಡ್ ಎಂದು ಬಾಗಿಲು ಮುಚ್ಚಿಕೊಂಡ ಸದ್ದು ಬಂತು. ಅಗುಳಿ ಎಳೆದ ಸದ್ದು ಅದರ ಬೆನ್ನಿಗೇ ಬಂತು. "ಅಯ್ಯೋ, ಇದ್ದೀನಿ! ಒಳಗೆ ಇದ್ದೀನಿ!" ಎಂದು ಕೂಗುತ್ತ ಎದ್ದವಳ ತಲೆ ಮೇಜಿಗೆ ಬಡಿಯಿತು. ಬಾಗಿಲಿಗೆ ಓಡಿ ಎರಡೂ ಕೈಯಲ್ಲಿ ಗುದ್ದಿದಳು. ಕಾವಲುಗಾರನಿಗೆ ಮೊದಲೇ ಕಿವಿ ಮಂದ, ಬಾಗಿಲು ಬೇರೆ ಗೇಣುದ್ದ ದಪ್ಪ. ಸ್ವಲ್ಪ ಹೊತ್ತಿಗೆ ದೀಪವೂ ಆರಿತು. ಶನಿವಾರ ಮೇನ್ ಸ್ವಿಚ್ ಆರಿಸಿ ಹೋಗುವುದು ಅವನ ಕಟ್ಟುನಿಟ್ಟು. ಕಂಪ್ಯೂಟರಿನ ಕೆಳಗಿದ್ದ ಯುಪಿಎಸ್ ಪೆಟ್ಟಿಗೆ ಕುಂಯ್ ಕುಂಯ್ ಎಂದು ಅಳತೊಡಗಿತು. ಅದರ ಬ್ಯಾಟರಿ ಹಳೆಯದು, ಅರ್ಧ ಗಂಟೆ ಬಂದರೆ ಹೆಚ್ಚು.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ಅಣ್ಣನಿಗೆ ಊಟ? ಕತ್ತಲಾದರೆ ಅವನಿಗೆ ಯಾರು? ಯೋಚಿಸುತ್ತ ಬೆವರು ಒರೆಸಿಕೊಳ್ಳಲು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಕಂಪ್ಯೂಟರಿನ ಬೆಳಕಿನಲ್ಲಿ ಮಣಿಕಟ್ಟು ಬರಿದಾಗಿತ್ತು. ಹಸಿರು ಬ್ಯಾಂಡ್ ಇರಲಿಲ್ಲ.

ಚಾರ್ಜರಿನ ಗಲಾಟೆಯಲ್ಲಿ ಸಿಲಿಂಡರ್ ಬಂದ್ ಮಾಡಿರಲಿಲ್ಲ. ಹೊತ್ತು ಮೂರೂ ಹತ್ತು. ಇನ್ನು ನಲವತ್ತು ನಿಮಿಷಕ್ಕೆ ಅಣ್ಣ ಒಲೆ ಹಚ್ಚುತ್ತಾನೆ, ಒಲೆ ಹತ್ತಿಕೊಳ್ಳುತ್ತದೆ. ಅವನು ಮಲಗುತ್ತಾನೆ. ಹೊರಗಡೆ ಬೀಗ, ಆ ಬೀಗದ ಒಂದೇ ಒಂದು ಕೀಲಿ ಇಲ್ಲಿ, ಅವಳ ಚೀಲದಲ್ಲಿ, ಇನ್ನೊಂದು ಬೀಗದೊಳಗೆ. ನಾನೇ ಅವನನ್ನು ಸುಡಲು ಕಟ್ಟಿಹಾಕಿ ಬಂದೆ ಎಂದು ಅವಳಿಗೆ ಅನ್ನಿಸಿತು.

ಆ ಕೋಣೆಯಲ್ಲಿ ಸಿಗ್ನಲ್ ಸಿಗುವುದು ಗಾಳಿಗಿಂಡಿಯ ಕೆಳಗೆ ಮಾತ್ರ. ಏಣಿ ಎಳೆದುಕೊಂಡು ಹತ್ತಿ, ಟೈಲರಮ್ಮನಿಗೆ ಫೋನ್ ಮಾಡಿದಳು. ರಿಂಗಾಯಿತು, ಆಗುತ್ತಲೇ ಇತ್ತು. ಹೊಲಿಗೆ ಯಂತ್ರದ ಸದ್ದಿನಲ್ಲಿ ಆ ಮಹಾತಾಯಿಗೆ ಸಿಡಿಲು ಬಡಿದರೂ ಕೇಳದು. ಕರೆ ತಾನೇ ಕಡಿದಾಗ ಶೇಕಡಾ ಒಂದು ಉಳಿದಿತ್ತು. ಗಾಳಿಗಿಂಡಿಗೆ ಬಾಯಿಟ್ಟು ಕೂಗಿದಳು. ಆಚೆಗಿದ್ದದ್ದು ಹಿಂಬದಿಯ ಗೋಡೆ ಮತ್ತು ಒಂದು ಮೋರಿ.

ಇಳಿದು ಬಂದು ವೈರು ಚುಚ್ಚಿದಳು. ಫೋನು ಮುಚ್ಚಿಕೊಂಡಿತ್ತು, ಚಾರ್ಜ್ ಆಗಲಿಲ್ಲ. ಬಿಡಿಸಿ ಮತ್ತೆ ಚುಚ್ಚಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಕಳ್ಳರು ಬಾರದಂತೆ ಕೂಡಿಸಿದ ಬೀಗ ಈಗ ಅವಳನ್ನೇ ಕಳ್ಳಿಯೆಂದು ಹೊರಗೆ ನಿಲ್ಲಿಸಿತ್ತು. ಆಗ ಪಾಸ್‌ವರ್ಡ್ ಪಂಡಿತನ ಮಾತು ಎಲ್ಲಿಂದಲೋ ತೇಲಿಬಂತು: ಮೊದ್ಲು ಫೋನ್ ತೆಗೀಬೇಕು ಅಕ್ಕ, ಆಮೇಲೆ ವೈರ್. ಸಂಖ್ಯೆ ಒತ್ತಿದಳು. ಅವಸರದಲ್ಲಿ ತಪ್ಪಾಯಿತು. ಮತ್ತೆ ಒತ್ತಿದಳು, ಮತ್ತೆ ತಪ್ಪು. ಮೂರನೆಯದೂ ತಪ್ಪಾದಾಗ ಫೋನು, ಐದು ನಿಮಿಷ ಬಿಟ್ಟು ಪ್ರಯತ್ನಿಸಿ ಎಂದಿತು.

ಐದು ನಿಮಿಷ ಅಂದರೆ ಎಷ್ಟು ಉದ್ದ ಎನ್ನುವುದು ಅವತ್ತು ಅವಳಿಗೆ ತಿಳಿಯಿತು. ಯುಪಿಎಸ್ ಕುಂಯ್‌ಗುಡುತ್ತಿತ್ತು. ಸುತ್ತ ಎತ್ತರದ ಕಪಾಟುಗಳು, ಅವುಗಳೊಳಗೆ ಊರಿನ ಎಲ್ಲ ಕಟ್ಟಡಗಳ ನಕ್ಷೆ. ಒಂದೊಂದು ಬಾಗಿಲು, ಒಂದೊಂದು ಕಿಟಕಿ ಎಲ್ಲಿದೆಯೆಂದು ಅವಳಿಗೆ ಗೊತ್ತು. ಈ ಕೋಣೆಯ ನಕ್ಷೆಯೂ ಮೂರನೆಯ ಕಪಾಟಿನಲ್ಲಿದೆ, ಒಂದೇ ಬಾಗಿಲು. ಉಸಿರು ಸಾಲದಂತಾಗಿ ನೆಲದ ಮೇಲೆ ಕೂತಳು. ಅಣ್ಣನಿಗೆ ದಿನಾ ಹೀಗೇ ಆಗುತ್ತಿರಬಹುದೇ ಎಂಬ ಯೋಚನೆ ಬಂತು. ಎರಡು ವರ್ಷದಲ್ಲಿ ಒಮ್ಮೆಯೂ ಅವಳು ಅದನ್ನು ಕೇಳಿಕೊಂಡಿರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು.

ಐದು ನಿಮಿಷ ಮುಗಿಯಿತು. ಈ ಸಲ ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳಿಕೊಂಡು ಒತ್ತಿದಳು. ತೆರೆಯಿತು. ಮುಚ್ಚಿಕೊಳ್ಳುವ ಮೊದಲೇ ವೈರು ಚುಚ್ಚಿದಳು. ಈ ಕಂಪ್ಯೂಟರನ್ನು ನಂಬುವಿರಾ? ಬೆರಳು ತನ್ನ ಪಾಡಿಗೆ ಬಲಗಡೆಯ ಗುಂಡಿಯತ್ತ ಹೊರಟಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು ನಿಲ್ಲಿಸಿ, "ನಂಬ್ತೀನಿ ಕಣೋ, ನಂಬ್ತೀನಿ" ಎಂದು ಗಟ್ಟಿಯಾಗಿ ಹೇಳುತ್ತ ಎಡಗಡೆಯದನ್ನು ಒತ್ತಿದಳು. ಫೋನು ಟುಂಯ್ ಎಂದಿತು. ಬ್ಯಾಟರಿಯ ಚಿತ್ರದ ಮೇಲೆ ಪುಟ್ಟ ಮಿಂಚು ಮೂಡಿತು.

ಎರಡು. ಮೂರು. ಯುಪಿಎಸ್ಸಿನ ಅಳು ಜೋರಾಯಿತು. ಹೊತ್ತು ಮೂರೂ ನಲವತ್ತೊಂದಾದಾಗ ಪೆಟ್ಟಿಗೆ ಒಮ್ಮೆ ಉದ್ದಕ್ಕೆ ಕಿರುಚಿ ಸುಮ್ಮನಾಯಿತು, ಕಂಪ್ಯೂಟರೂ ಕಣ್ಣು ಮುಚ್ಚಿತು. ಫೋನಿನಲ್ಲಿ ಶೇಕಡಾ ಐದು ಇತ್ತು. ತಡಕಾಡುತ್ತ ಏಣಿ ಹತ್ತಿದಳು. ಮೊದಲ ಸಲ ಟೈಲರಮ್ಮ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯದಕ್ಕೆ ಎತ್ತಿದಳು.

"ಏನಕ್ಕ, ಒಂದೇ ಸಮ ಬಡ್ಕೊಳ್ತಿದೆ ಫೋನು?"

"ಮೊದ್ಲು ನಮ್ಮನೆ ಕಿಟಕಿ ಹತ್ರ ಓಡು. ಗ್ಯಾಸ್ ಬಂದ್ ಮಾಡಿಲ್ಲ ಕಣೇ, ಅಣ್ಣ ಒಲೆ ಹಚ್ತಾನೆ. ನಾನು ಕಚೇರಿ ನೆಲಮಾಳಿಗೇಲಿ ಸಿಕ್ಕಿಹಾಕ್ಕೊಂಡಿದ್ದೀನಿ. ಬೀಗ ಒಡಿ, ಏನಾದ್ರೂ ಮಾಡು."

"ನಿಮ್ಮ ಬೀಗ ಒಡಿಯೋಕೆ ದಂಡೇ ಬೇಕಲ್ಲಕ್ಕ!" ಎಂದಳು ಟೈಲರಮ್ಮ. ಆದರೆ ಆ ಹೊತ್ತಿಗೆ ಓಡುತ್ತಲೇ ಇದ್ದಳು, ಚಪ್ಪಲಿಯ ಪಟಪಟ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಗಂಡನಿಗೆ ಸ್ಕೂಟರ್ ತೆಗೆದುಕೊಂಡು ಬೀಗದಕ್ಕನ ಕಚೇರಿಗೆ ಹೋಗಿ ಕಾವಲುಗಾರನನ್ನು ಹಿಡಿಯಲು ಕೂಗಿ ಹೇಳಿದಳು. ಆಮೇಲೆ ಅವಳ ದನಿ ಸಣ್ಣದಾಯಿತು. "ಅಯ್ಯೋ ಅಕ್ಕ, ಒಲೆ ಹಚ್ಚಿಬಿಟ್ಟಿದಾರೆ. ಪಾತ್ರೆ ಇಟ್ಟಿದಾರೆ, ಒಳಗೆ ನೀರೇ ಇದ್ದಂಗಿಲ್ಲ. ಅಣ್ಣಾವ್ರೇ! ಅಣ್ಣಾವ್ರೇ, ಒಲೆ ಆರಿಸಿ! ಊಹೂಂ, ತಿರುಗೂ ನೋಡ್ತಿಲ್ಲ. ಮಲಗೋಕೆ ಹೊರಟ್ರು ಅಕ್ಕ."

ಬೀಗದಕ್ಕ ಏಣಿಯ ಮೇಲೆ ಕಣ್ಣು ಮುಚ್ಚಿದಳು. ಅಣ್ಣನ ಕಿವಿಗೆ ಯಾವ ಮಾತು ನಾಟೀತು? ಬೆಂಕಿ ಅಂದರೆ ಅವನಿಗೆ ತಿಳಿಯದು, ತಂಗಿ ಅಂದರೂ ತಿಳಿಯದು. "ಲಿಫ್ಟ್ ನಿಂತಿದೆ ಅನ್ನು" ಎಂದಳು. "ಲಿಫ್ಟ್ ನಿಂತಿದೆ, ಒಳಗೆ ಒಬ್ಳು ಸಿಕ್ಕಿಹಾಕ್ಕೊಂಡಿದ್ದಾಳೆ ಅಂತ ಕೂಗು."

ಟೈಲರಮ್ಮ ಕೂಗಿದಳು. ಬೀದಿಗೆಲ್ಲ ಕೇಳುವಂತೆ ಕೂಗಿದಳು. ಬೀಗದಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಬಂದ್ರು!" ಎಂದಳು ಟೈಲರಮ್ಮ. "ವಾಪಸ್ ಬಂದ್ರು. 'ಮೊದ್ಲು ಸ್ವಿಚ್ ಆರಿಸ್ಬೇಕು' ಅಂದ್ಕೊಂಡು ಒಲೆ ಆರಿಸಿದ್ರು ಅಕ್ಕ! ಆರೇ ಹೋಯ್ತು. ಈಗ ಕಿಟಕಿ ಹತ್ರ ಬರ್ತಿದಾರೆ, 'ಎಲ್ಲಿ, ಎಲ್ಲಿ ಅವ್ರು' ಅಂತಿದಾರೆ. ಫೋನ್ ಕೊಡ್ಲಾ?"

ಸರಳುಗಳ ನಡುವಿನಿಂದ ಫೋನು ಅಣ್ಣನ ಕೈಗೆ ಹೋಯಿತು. ಎಷ್ಟೋ ತಿಂಗಳಿಂದ ಕೇಳದಿದ್ದ ದನಿ ಅದು. ತಡವರಿಕೆಯಿಲ್ಲ, ಗೊಣಗಾಟವಿಲ್ಲ.

"ಹಲೋ, ಒಳಗೆ ಎಷ್ಟು ಜನ ಇದ್ದೀರಿ?"

"ಒಬ್ಳೇ" ಎಂದಳು ತಂಗಿ.

"ಹೆದರ್ಕೋಬೇಡಿ. ಗಾಳಿ ಎಲ್ಲೂ ಹೋಗಲ್ಲ, ನಿಧಾನವಾಗಿ ಉಸಿರಾಡಿ. ಬಾಗಿಲು ಗುದ್ಬೇಡಿ, ಕೈ ನೋಯುತ್ತೆ ಅಷ್ಟೆ. ಜನ ಕಳಿಸಿದ್ದೀವಿ. ಅವ್ರು ಬರೋವರೆಗೂ ನಾನು ಇಲ್ಲೇ ಇರ್ತೀನಿ, ಸರೀನಾ? ಮನೇಲಿ ಯಾರಿದ್ದಾರೆ ನಿಮ್ಗೆ?"

"ಅಣ್ಣ ಇದ್ದಾನೆ."

"ನೋಡಿ, ನಂಗೂ ಒಬ್ಳು ತಂಗಿ ಇದ್ದಾಳೆ. ತುಂಬಾ ಒಳ್ಳೇವ್ಳು. ಪಾಪ, ಕೆಲಸಕ್ಕೆ ಹೋಗೋವಾಗ ನನ್ನ ಒಳಗಿಟ್ಟು ಬೀಗ ಹಾಕ್ಕೊಂಡು ಹೋಗ್ತಾಳೆ. ಹಾಕ್ಲಿ ಬಿಡಿ, ಅವ್ಳಿಗೂ ಬೇರೆ ದಾರಿ ಇಲ್ಲ. ಆದ್ರೆ ಯಾರು ಅಂತ ಕೇಳಿದ್ರೆ ಮಾತೇ ಆಡಲ್ಲ ನೋಡಿ. ಒಳಗಿರೋರಿಗೆ ಹೊರಗಡೆಯಿಂದ ಒಂದು ದನಿ ಕೇಳ್ತಾ ಇರ್ಬೇಕು. ಬಾಗಿಲು ತಡವಾದ್ರೂ ಪರವಾಗಿಲ್ಲ."

ತಂಗಿ ಏನೋ ಹೇಳಲು ಬಾಯಿ ತೆರೆದಳು. ಫೋನು ಕೈಯಲ್ಲೇ ಸತ್ತುಹೋಯಿತು.

ಕಾವಲುಗಾರ ಬಂದು ಅಗುಳಿ ಎಳೆದಾಗ ನಾಲ್ಕೂ ಮುಕ್ಕಾಲು. "ಬಟ್ಟೆ ಇರ್ಲಿಲ್ವಲ್ಲ ಅಕ್ಕ, ಬಟ್ಟೆ ಇರ್ಲಿಲ್ಲ" ಎಂದು ಅವನು ಹೇಳಿದ್ದನ್ನೇ ಹೇಳುತ್ತಿದ್ದ. ಅವನ ತಪ್ಪೇನೂ ಇರಲಿಲ್ಲ, ಅವಳು ಬೈಯಲೂ ಇಲ್ಲ. ಟೈಲರಮ್ಮನ ಗಂಡನ ಸ್ಕೂಟರಿನ ಹಿಂದೆ ಕೂತು ಮನೆ ಮುಟ್ಟಿದಾಗ, ಬಾಗಿಲ ಬೀಗ ಹೇಗಿತ್ತೋ ಹಾಗೇ ಇತ್ತು. ಒಡೆಯಲು ಅಣ್ಣ ಬಿಟ್ಟಿರಲಿಲ್ಲವಂತೆ, ಮಾತಾಡುವಾಗ ಸದ್ದು ಮಾಡಬಾರದಂತೆ. ಅವನು ಇನ್ನೂ ಕಿಟಕಿಯ ಬಳಿ ನಿಂತಿದ್ದ. ಒಂದು ಗಂಟೆಗೂ ಹೆಚ್ಚು ಹೊತ್ತಿನಿಂದ ಹಾಗೇ ನಿಂತಿದ್ದ. ಆ ಕಡೆ ಯಾರೂ ಇಲ್ಲದ ಫೋನನ್ನು ಕಿವಿಗೆ ಒತ್ತಿಕೊಂಡು, "ಇಲ್ಲೇ ಇದ್ದೀನಿ, ಹೆದರ್ಬೇಡಿ, ಇನ್ನೇನು ಬಂದ್ರು" ಎನ್ನುತ್ತಿದ್ದ. ಕೀಲಿ ತಿರುಗಿದ ಸದ್ದು ಕೇಳಿ ಮುಖವರಳಿಸಿ, "ತೆರೀತು ನೋಡಿ, ನಾನು ಹೇಳ್ಲಿಲ್ವಾ?" ಎಂದು ಫೋನಿಗೆ ಹೇಳಿದ. ಒಳಗೆ ಬಂದ ತಂಗಿಯನ್ನು ಕಂಡು, "ಯಾರು, ಎಷ್ಟನೇ ಮಹಡಿ?" ಎಂದು ಕೇಳಿದ.

ಸೋಮವಾರ ಬೆಳಗ್ಗೆ ಅವಳು ಸಿಲಿಂಡರ್ ಬಂದ್ ಮಾಡಿ ಹಸಿರು ಬ್ಯಾಂಡ್ ಕೈಗೆ ಹಾಕಿಕೊಂಡಳು. ಬೀಗ ಹಾಕಿದಳು. ಹಾಕದೆ ಅವಳಿಗೆ ವಿಧಿಯಿರಲಿಲ್ಲ. ಆದರೆ ಹೊಸದಾಗಿ ಮಾಡಿಸಿದ ಎರಡನೆಯ ಕೀಲಿಯೊಂದು ಟೈಲರಮ್ಮನ ಯಂತ್ರದ ಖಾನೆ ಸೇರಿತ್ತು, ಕಿಟಕಿಯ ಪಕ್ಕದ ಗೂಡಿನಲ್ಲಿ ಅಣ್ಣನಿಗೆಂದು ಒಂದು ಹಳೇ ಫೋನು ಕೂತಿತ್ತು.

ಹನ್ನೊಂದು ಗಂಟೆಗೆ ನೆಲಮಾಳಿಗೆಯಲ್ಲಿ ಏಣಿ ಹತ್ತಿ, ಗಾಳಿಗಿಂಡಿಯ ಕೆಳಗೆ ನಿಂತು ಅವಳು ಆ ಫೋನಿಗೆ ಕರೆ ಮಾಡಿದಳು. ಕೆಂಪು ಬಟ್ಟೆ ಹೊರಗಿತ್ತು, ಬಾಗಿಲು ತೆರೆದೇ ಇತ್ತು. "ಹಲೋ, ಯಾರು?" ಎಂದ ಅಣ್ಣ.

"ನಾನು ಒಳಗೆ ಸಿಕ್ಕಿಹಾಕ್ಕೊಂಡಿದ್ದೀನಿ" ಎಂದಳು ಬೀಗದಕ್ಕ. ಹಾಗೆ ಹೇಳುವಾಗ ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ.

"ಹೆದರ್ಕೋಬೇಡಿ" ಎಂದ ಅಣ್ಣ. "ನಾನು ಇಲ್ಲೇ ಇದ್ದೀನಿ."